ಎರಡನೇ ಏಟು

ಆಸ್ಪತ್ರೆಯ ಹಿಂದಿನ ಬಾಡಿಗೆ ಕೋಣೆ, ಮೂರನೇ ಮಹಡಿ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ಹೇಗಿದ್ದೀಯ? ತಲೆನೋವು ಈಗಲೂ ಬರುತ್ತದೆಯೇ? ಬಂದಾಗ ಹಣೆಗೆ ಬಟ್ಟೆ ಬಿಗಿದುಕೊಂಡು ಕೆಲಸಕ್ಕೆ ನಿಲ್ಲುವ ಹಳೆಯ ಚಾಳಿ ಬಿಡು. ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಮಲಗು, ನೀರು ಕುಡಿ. ಇದನ್ನು ತಮ್ಮನಾಗಿ ಹೇಳುತ್ತಿಲ್ಲ, ನಾಲ್ಕು ವರ್ಷ ಓದಿ ಪಾಸಾದವನಾಗಿ ಹೇಳುತ್ತಿದ್ದೇನೆ. ಮಗಳು ಹೇಗಿದ್ದಾಳೆ? ಅವಳಿಗೆ ಈಗ ಹತ್ತೊಂಬತ್ತು ತುಂಬಿರಬೇಕು. ನನ್ನ ಕಣ್ಣಲ್ಲಿ ಇನ್ನೂ ಆರು ವರ್ಷದವಳೇ. ಮುಂದಿನ ಹಲ್ಲು ಬಿದ್ದು 'ಮಾವ' ಅನ್ನಲು ಬಾರದೆ 'ಮಾಫ' ಅನ್ನುತ್ತಿದ್ದಳು. ಭಾವ ಹೇಗಿದ್ದಾರೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಉಳಿದ ಕಣ್ಣೂ ಮಂಜಾಗುತ್ತಿದೆ ಎಂದು ಚಿಕ್ಕಮ್ಮ ಹೇಳಿದರು. ತಡ ಮಾಡದೆ ತೋರಿಸಿ. ಹದಿಮೂರು ವರ್ಷದ ಮೇಲೆ ಬರೆಯುತ್ತಿರುವ ಈ ಕಾಗದವನ್ನು ಚಿಕ್ಕಮ್ಮನ ವಿಳಾಸಕ್ಕೆ ಹಾಕುತ್ತೇನೆ. ನಿಮ್ಮ ಮನೆಗೆ ಬರುವ ಟಪಾಲನ್ನೆಲ್ಲ ಭಾವನಿಗೆ ನೀನೇ ಓದಿ ಹೇಳಬೇಕಂತೆ. ಇದನ್ನು ಓದಿ ಹೇಳಬೇಡ.

ನಾನು ನರ್ಸಿಂಗ್ ಓದಿದ ಸುದ್ದಿ ಕೇಳಿ ನೀನು ನಕ್ಕಿರಬೇಕು. ಮೊಣಕಾಲು ತರಚಿದರೆ ರಕ್ತ ನೋಡಲಾರದೆ ನಿನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದವನು ನಾನು. ಇದು ಜೈಲಿನಲ್ಲಿ ಹತ್ತಿದ ಕಸುಬು ಅಕ್ಕ. ಎರಡನೇ ವರ್ಷ ಅಲ್ಲಿಯ ದವಾಖಾನೆಗೆ ನೆಲ ಒರೆಸಲು ನನ್ನನ್ನು ಹಾಕಿದರು. ಅಲ್ಲೊಬ್ಬ ಮುದುಕ ಖೈದಿಯಿದ್ದರು, ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಮಲಗಿ ಮಲಗಿ ಬೆನ್ನ ತುಂಬ ಹುಣ್ಣು. ಕಾಂಪೌಂಡರನಿಗೆ ಆ ವಾಸನೆ ಆಗುತ್ತಿರಲಿಲ್ಲ. ಬಟ್ಟಲು, ಹತ್ತಿ ನನ್ನ ಕೈಗೆ ಕೊಟ್ಟು ತಾನು ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತು ಹೇಳಿಕೊಡುತ್ತಿದ್ದ. ಮೊದಲ ದಿನ ಮೇಷ್ಟ್ರು ಹಲ್ಲು ಕಚ್ಚಿಕೊಂಡು, "ನಿಧಾನ ಅಪ್ಪಾ, ಅದು ಗೋಡೆ ಅಲ್ಲ, ಬೆನ್ನು" ಅಂದರು. ಹನ್ನೊಂದು ತಿಂಗಳು ತೊಳೆದೆ. ಹುಣ್ಣು ಮಾಯಿತು. ಆಮೇಲೆ ಅವರು ಎದೆನೋವಿನಿಂದ ಹೋದರು, ಅದು ಬೇರೆ ಮಾತು. ಆದರೆ ನನ್ನ ಕೈಯಿಂದಲೂ ಒಂದು ಗಾಯ ಮಾಯುತ್ತದೆ ಎಂದು ನಂಬಲು ನನಗೆ ಆ ಹನ್ನೊಂದು ತಿಂಗಳು ಬೇಕಾದವು.

ಹೊರಗೆ ಬಂದ ಮೇಲೆ ಈ ಆಸ್ಪತ್ರೆಯಲ್ಲಿ ಅಟೆಂಡರ್ ಆದೆ. ರೋಗಿಗಳನ್ನು ತಳ್ಳುವುದು, ಮಲದ ಪಾತ್ರೆ ತೊಳೆಯುವುದು, ಹೆಣ ಕಟ್ಟುವುದು. ನಮ್ಮ ವಾರ್ಡಿನ ಹೆಡ್ ನರ್ಸನ್ನು ನಾವು ದೊಡ್ಡ ಸಿಸ್ಟರ್ ಅನ್ನುತ್ತೇವೆ. ಬೈಗುಳವಿಲ್ಲದೆ ಅವರ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಅವರೇ ಬೈದು ಬೈದು ನನ್ನನ್ನು ನರ್ಸಿಂಗ್ ಶಾಲೆಗೆ ಸೇರಿಸಿದರು. ನನ್ನ ಹಿಂದಿನ ಕಥೆ ಅವರಿಗೆ ಗೊತ್ತು. ಇಪ್ಪತ್ತೆಂಟನೇ ವಯಸ್ಸಿಗೆ ಹದಿನೆಂಟರ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂತು ಓದಿದೆ. ಅವರೆಲ್ಲ ನನ್ನನ್ನು ತಾತ ಅನ್ನುತ್ತಿದ್ದರು. ತಾತನೇ ಆ ವರ್ಷ ಎರಡನೆಯವನಾಗಿ ಪಾಸಾದ.

ಪಾಸಾದರೆ ಸಾಲದು ಅಕ್ಕ. ನರ್ಸಿಂಗ್ ಕೌನ್ಸಿಲ್‌ನಿಂದ ಲೈಸೆನ್ಸ್ ಸಿಗದೆ ರೋಗಿಗೆ ಒಂದು ಸೂಜಿ ಚುಚ್ಚುವ ಹಾಗಿಲ್ಲ. ಅರ್ಜಿಯ ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ನಿಮಗೆ ಎಂದಾದರೂ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ? ಎದುರಿಗೆ ಎರಡು ಚೌಕ, ಹೌದು, ಇಲ್ಲ. ಮೂರು ದಿನ ಪೆನ್ನು ಹಿಡಿದು ಕೂತೆ. ಕೋಣೆಯ ಜೊತೆಗಾರ, ಎಕ್ಸ್-ರೇ ವಿಭಾಗದವನು, "ಯಾರು ಕೆದಕಿ ನೋಡ್ತಾರೆ? ಇಲ್ಲ ಅಂತ ಗುರುತು ಹಾಕಿ ಮಲ್ಕೋ" ಅಂದ. ದೊಡ್ಡ ಸಿಸ್ಟರ್ ಮಾತ್ರ, "ಇಲ್ಲ ಅಂತ ಬರೆದ್ರೆ ನಾನೇ ಹೋಗಿ ಹೇಳ್ತೀನಿ" ಅಂದರು. ಹೌದು ಎಂದು ಗುರುತು ಹಾಕಿದೆ.

ಅಲ್ಲಿಂದ ಕಾಗದಪತ್ರದ ಓಡಾಟ. ತೀರ್ಪಿನ ದೃಢೀಕೃತ ಪ್ರತಿ ಕೇಳಿದರು. ಕೋರ್ಟಿನ ದಾಖಲೆ ಕೋಣೆಯಲ್ಲಿ ಗುಮಾಸ್ತರು ಧೂಳು ಕೊಡವಿ ನಲವತ್ತು ಪುಟ ಕೈಗಿತ್ತರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಓದಿದೆ. ಶಿಕ್ಷೆಯಾದಾಗ ಹತ್ತೊಂಬತ್ತರವನು, ಕಿವಿಯಲ್ಲಿ ಬರೀ ಗುಂಯ್ ಅನ್ನುವ ಸದ್ದು, ನಿನ್ನ ಮಾತೊಂದು ಬಿಟ್ಟರೆ ಯಾರು ಏನು ಹೇಳಿದರೆಂಬುದು ತಲೆಗೆ ಇಳಿದಿರಲಿಲ್ಲ. ಹದಿನೇಳನೇ ಪುಟದಲ್ಲಿ ನೀನಿದ್ದೆ. "ನನ್ನ ಗಂಡ ನನ್ನ ಮೇಲೆ ಎಂದೂ ಕೈ ಮಾಡಿಲ್ಲ. ನನ್ನ ತಮ್ಮ ಮೊದಲಿನಿಂದಲೂ ಮುಂಗೋಪಿ." ಎರಡೇ ವಾಕ್ಯ. ನಾನು ಆ ಪುಟವನ್ನು ಮಡಿಸಲಿಲ್ಲ, ಹರಿಯಲಿಲ್ಲ. ಆರು ವರ್ಷದ ಮಗುವನ್ನು ಕಟ್ಟಿಕೊಂಡು ಆ ಮನೆಗೇ ಮರಳಬೇಕಾದವಳು ಬೇರೇನು ಹೇಳಬಹುದಿತ್ತು ಎಂದು ಜೈಲಿನಲ್ಲೇ ಯೋಚಿಸಿ ಮುಗಿಸಿದ್ದೆ. ಆದರೂ ಅಚ್ಚಾಗಿದ್ದ ಆ ಎರಡು ವಾಕ್ಯಗಳನ್ನು ಮತ್ತೊಮ್ಮೆ ಓದಿಯೇ ಮೆಟ್ಟಿಲಿಂದ ಎದ್ದೆ.

ಗಾಯಗೊಂಡವರ ಅಭಿಪ್ರಾಯವನ್ನೂ ಕೇಳುವುದು ಕೌನ್ಸಿಲ್ಲಿನ ನಿಯಮ. ಅದಕ್ಕೇ ಡಿಸೆಂಬರಿನಲ್ಲಿ ನಿಮ್ಮ ಮನೆಗೆ ನನ್ನ ಹೆಸರು, ವಿಳಾಸ ಬರೆದ ನೋಟಿಸು ಬಂತು. ಭಾವನ ಉತ್ತರವನ್ನು ವಿಚಾರಣೆಯ ದಿನ ನನ್ನ ಕೈಗೂ ಒಂದು ಪ್ರತಿ ಕೊಟ್ಟರು. ಓದುವ ಮೊದಲೇ ಗೊತ್ತಾಯಿತು, ಅಕ್ಷರ ನಿನ್ನದು. ಅಮ್ಮ ಹೋದ ಮೇಲೆ ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ ಅದೇ ದುಂಡಗಿನ ಅಕ್ಷರ. ಭಾವ ಹೇಳುತ್ತಾ ಹೋಗಿದ್ದಾರೆ, ನೀನು ಬರೆಯುತ್ತಾ ಹೋಗಿದ್ದೀಯ. ಇಂಥವನ ಕೈಗೆ ರೋಗಿಗಳನ್ನು ಒಪ್ಪಿಸುವುದು ಅಪಾಯ, ಲೈಸೆನ್ಸ್ ಕೊಡಬಾರದು ಎಂದು. ಒಂದು ಕಡೆ ಮಾತ್ರ 'ನನ್ನ ತಮ್ಮ' ಎಂದು ಬರೆದು, ಅದನ್ನು ಹೊಡೆದು ಹಾಕಿ, ಮೇಲೆ 'ಸದರಿ ಅರ್ಜಿದಾರ' ಎಂದು ತಿದ್ದಿದ್ದೀಯ. ಕೌನ್ಸಿಲ್ಲಿನವರು ಅದನ್ನು ಗಮನಿಸಲಿಲ್ಲ. ನಾನು ಮಾತ್ರ ಬಹಳ ಹೊತ್ತು ಆ ಒಂದು ಗೀಟನ್ನೇ ನೋಡುತ್ತಿದ್ದೆ.

ವಿಚಾರಣೆಯ ಕೋಣೆ ದೊಡ್ಡದೇನಲ್ಲ. ಹಸಿರು ಬಟ್ಟೆ ಹೊದಿಸಿದ ಮೇಜು, ಮೂರು ಜನ. ಒಬ್ಬರು ಡಾಕ್ಟರು, ಒಬ್ಬರು ವಕೀಲರು, ನಡುವೆ ಬೆಳ್ಳಿಕೂದಲಿನ ಅಧ್ಯಕ್ಷೆ. ಒಂದು ಕಾಲಕ್ಕೆ ಹೆಡ್ ನರ್ಸ್ ಆಗಿದ್ದವರಂತೆ. ದೊಡ್ಡ ಸಿಸ್ಟರ್ ನನ್ನ ಪರವಾಗಿ ಬಂದು, "ಇವನು ದಡ್ಡ, ಮೊಂಡ, ಆದ್ರೆ ನನಗೆ ಹುಷಾರಿಲ್ಲ ಅಂದ್ರೆ ಇವನ ಕೈಯಲ್ಲೇ ಸೂಜಿ ಹಾಕಿಸ್ಕೋತೀನಿ" ಎಂದು ಹೇಳಿಕೆ ಕೊಟ್ಟು ಹೋದರು. ಡಾಕ್ಟರು ನಕ್ಕರು. ರೋಗಿ ನಿಮ್ಮ ಮೇಲೆ ಕೈ ಎತ್ತಿದರೆ ಏನು ಮಾಡುತ್ತೀರಿ ಎಂದು ವಕೀಲರು ಕೇಳಿದರು. ಹೋದ ವರ್ಷ ಜ್ವರದ ಭ್ರಮೆಯಲ್ಲಿ ಒಬ್ಬ ಕಚ್ಚಿದ ಗುರುತನ್ನು ಮುಂಗೈ ಮೇಲೆ ತೋರಿಸಿದೆ. ಉಳಿದವರು ಬರುವ ತನಕ ಅವನ ಹಣೆ ಹಿಡಿದುಕೊಂಡಿದ್ದೆ ಎಂದೆ. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಆಗ ಅಧ್ಯಕ್ಷೆ ತೀರ್ಪನ್ನು ಮುಚ್ಚಿಟ್ಟು, "ಇದರಲ್ಲಿ ಬರೆದಿರೋದು ಬಿಡಿ. ಆವತ್ತು ಏನಾಯ್ತು, ನೀವೇ ಹೇಳಿ" ಅಂದರು.

ನಮ್ಮ ವಕೀಲರು ಕೋರ್ಟಿನಲ್ಲಿ ಹೇಳಿದ್ದು ಎಲ್ಲರಿಗೂ ಗೊತ್ತಲ್ಲ. ತಳ್ಳಾಟವಾಯಿತು, ಹುಡುಗ ಕೈಗೆ ಸಿಕ್ಕ ಕಬ್ಬಿಣದ ಸಲಾಕೆ ಬೀಸಿದ, ಕಣ್ಣಿಗೆ ತಾಗಿತು, ಬಿದ್ದಾಗ ನಲ್ಲಿಕಟ್ಟೆಗೆ ಬಡಿದು ತಲೆಯ ಹಿಂಭಾಗ ಒಡೆಯಿತು. ಅದನ್ನೇ ಮತ್ತೊಮ್ಮೆ ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಮೇಜಿನ ಮೇಲೆ ನಿನ್ನ ಅಕ್ಷರ ಕಂಡಿತು. ನೀನು ಸುಳ್ಳು ಹೇಳಿದೆ ಎಂದು ಹದಿಮೂರು ವರ್ಷ ಮನಸ್ಸಿನಲ್ಲೇ ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡಿದ್ದೆ. ಅದೇ ಕೋರ್ಟಿನಲ್ಲಿ ನಾನೂ ಸುಳ್ಳು ಹೇಳಿ ಬಂದವನೇ.

ತಳ್ಳಾಟ ಆಗಿರಲಿಲ್ಲ ಎಂದು ಹೇಳಿಬಿಟ್ಟೆ. ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೀನು ಗೋಡೆಗೆ ಒರಗಿ ಕೂತಿದ್ದೆ, ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. "ಬಿಡು, ಮುಗೀತಲ್ಲ" ಅಂದೆ ನೀನು. ಭಾವ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು, ನನಗೆ ಬೆನ್ನು ಹಾಕಿ. ಬಾಗಿಲಿಗೆ ಅಡ್ಡ ಹಾಕುವ ಸಲಾಕೆ ತೆಗೆದುಕೊಂಡು ಹೋಗಿ ಹಿಂದಿನಿಂದ ತಲೆಗೆ ಹೊಡೆದೆ. ಅವರು ಬಿದ್ದು, ಹೊರಳಿ, ಮುಖ ಮೇಲೆ ಮಾಡಿ ನನ್ನನ್ನು ನೋಡಿದರು. ಆಗ ಎರಡನೇ ಏಟು ಹಾಕಿದೆ. ಕಣ್ಣು ಹೋದದ್ದು ಆ ಏಟಿಗೆ. ನೀನು ಓಡಿ ಬರುವಷ್ಟರಲ್ಲಿ ಎರಡೂ ಆಗಿಹೋಗಿತ್ತು, ತಲೆಗೆ ಬಿದ್ದ ಪೆಟ್ಟಿಗೆ ಭಾವನಿಗೆ ಆ ಹೊತ್ತಿನದೇನೂ ನೆನಪಿಲ್ಲವೆಂದು ತೀರ್ಪಿನಲ್ಲೇ ಇದೆ, ಹಾಗಾಗಿ ಇದು ನಿನಗೂ ಗೊತ್ತಿಲ್ಲ.

"ಮೊದಲನೇದು ಅರ್ಥ ಆಯ್ತು. ಎರಡನೇದು ಯಾಕೆ?" ಎಂದು ಅಧ್ಯಕ್ಷೆ ಕೇಳಿದರು. ಅಕ್ಕನಿಗಾಗಿ ಎಂದು ಹೇಳಲು ಬಾಯಿ ಬರಲಿಲ್ಲ. ಎರಡನೆಯದು ನಿನಗಾಗಿ ಅಲ್ಲ. "ಎದ್ದರೆ ನನ್ನನ್ನು ಕೊಲ್ಲುತ್ತಾರೆ ಅಂತ ಹೆದರಿದೆ. ಹೆದರಿಕೆಗೆ ಹೊಡೆದೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಾನು ಹೇಳಿದ್ದನ್ನು ಬರೆದುಕೊಂಡರು.

ಹನ್ನೆರಡು ದಿನಕ್ಕೆ ಉತ್ತರ ಬಂತು. ಅರ್ಜಿ ತಿರಸ್ಕರಿಸಲಾಗಿದೆ. ಹಳೆಯ ಶಿಕ್ಷೆಯ ಕಾರಣಕ್ಕಲ್ಲವಂತೆ. ಅರ್ಜಿದಾರನ ಹೇಳಿಕೆಯು ನ್ಯಾಯಾಲಯದ ದಾಖಲೆಗೆ ವಿರುದ್ಧವಾಗಿರುವ ಕಾರಣಕ್ಕೆ. ಎರಡು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ದೊಡ್ಡ ಸಿಸ್ಟರ್ ಕಾಗದ ಓದಿ ನನ್ನ ಎದೆಗೆ ಎಸೆದರು. "ಮೂರ್ಖ, ನಿನ್ನ ಬಾಯಿಗೆ ಯಾರಾದ್ರೂ ಹೊಲಿಗೆ ಹಾಕ್ಬಾರ್ದಾ?" ಅಂದರು. ಮುಖ ಆ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಔಷಧದ ಕಪಾಟಿನಲ್ಲಿ ಏನೋ ಹುಡುಕಿದರು. ಆಮೇಲೆ, "ಆರನೇ ಬೆಡ್ಡಿನ ಅಜ್ಜ ಒದ್ದೆ ಮಾಡ್ಕೊಂಡಿದ್ದಾರೆ, ಹೋಗು" ಅಂದರು. ತರಬೇತಿಯಲ್ಲಿ ಕೊಟ್ಟಿದ್ದ ಬಿಳಿ ಕೋಟು ಮಡಿಸಿ ಅವರ ಮೇಜಿನ ಮೇಲಿಟ್ಟು, ಅಟೆಂಡರಿನ ನೀಲಿ ಅಂಗಿ ಹಾಕಿಕೊಂಡು ಹೋದೆ. ನಿನ್ನೆಯವರೆಗೆ ನನ್ನನ್ನು ಡಾಕ್ಟ್ರೇ ಅನ್ನುತ್ತಿದ್ದ ಅಜ್ಜ, ಅಂಗಿ ನೋಡಿ, "ಯಾಕಪ್ಪಾ, ಕೆಲಸದಿಂದ ಇಳಿಸಿಬಿಟ್ರಾ?" ಅಂದರು. ಹೌದಜ್ಜ ಎಂದು ಹಾಸಿಗೆ ಬದಲಾಯಿಸಿದೆ. ಹೇಳಿದ್ದಕ್ಕೆ ಹಗುರವಾಯಿತು ಎಂದೇನೂ ಅಲ್ಲ ಅಕ್ಕ. ಎದೆಯ ಮೇಲೆ ಹಾಗೇ ಕೂತಿದೆ. ಹದಿಮೂರು ವರ್ಷದಲ್ಲಿ ಮೊದಲ ಸಲ ಅದು ಏನೆಂದು ಹೆಸರಿಟ್ಟು ಕರೆಯಲು ಬಂತು, ಅಷ್ಟೆ.

ಭಾವನಿಗೆ ಇದನ್ನು ಹೇಳುವುದು ಬಿಡುವುದು ನಿನ್ನಿಷ್ಟ. ನೀನು ಬರೆದ ಆಕ್ಷೇಪಣೆಯ ಬಗ್ಗೆ ನನಗೆ ಸಿಟ್ಟಿಲ್ಲ. ಅದಕ್ಕಾಗಿ ಕಣ್ಣೀರು ಹಾಕುತ್ತಾ ಕೂರಬೇಡ. ಹೊಟ್ಟೆ ತುಂಬ ಊಟ ಮಾಡು. ಮಗಳಿಗೆ ನನ್ನ ಆಶೀರ್ವಾದ, ಅವಳು ಬೇಡ ಅನ್ನದಿದ್ದರೆ.

ಎಂದೂ ನಿನ್ನವನೇ ಆದ,
ತಮ್ಮ

ತಾ.ಕ. ಗುರುವಾರ, ಬೆಳಗ್ಗೆ ಹನ್ನೊಂದು. ಅಕ್ಕ, ಅಂಚೆಗೆ ಹಾಕಲು ನಿನ್ನೆ ಬೆಳಗ್ಗೆ ಈ ಕಾಗದ ಹಿಡಿದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನಿನ್ನ ಮಗಳು ಕೂತಿದ್ದಳು. ಕೈಯಲ್ಲಿ ಕೌನ್ಸಿಲ್ಲಿನ ನೋಟಿಸು. ಅದರ ಮೇಲಿನ ವಿಳಾಸ ಹಿಡಿದೇ ಬಂದಿದ್ದಾಳೆ. ಮಾವ ನಿಮ್ಮನ್ನು ಯಾಕೆ ಹೊಡೆದರು ಎಂದು ಅಪ್ಪನನ್ನು ಕೇಳಿದಳಂತೆ. ಉಳಿದದ್ದು ನಿನ್ನ ಕಣ್ಣೆದುರೇ ನಡೆದಿದೆ, ನಾನು ಬರೆಯಬೇಕಿಲ್ಲ. ತುಟಿಗೆ ಮೂರು ಹೊಲಿಗೆ ಬಿತ್ತು. ಎಡಗಿವಿಯ ತಮಟೆ ಹರಿದಿದೆ, ವಾಸಿಯಾಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ನಾನು ನಿಮ್ಮ ಮನೆ ಕಡೆ ಬರಲಿಲ್ಲ, ಬರುವುದಿಲ್ಲ. ಇಡೀ ದಿನ ಅವಳ ಪಕ್ಕದಲ್ಲೇ ಇದ್ದೆ. ಅವಳೇ ಪೊಲೀಸರಿಗೆ ದೂರು ಬರೆದುಕೊಟ್ಟಿದ್ದಾಳೆ, ದೊಡ್ಡ ಸಿಸ್ಟರ್ ಜೊತೆಗಿದ್ದರು. ಇವತ್ತೋ ನಾಳೆಯೋ ಇಬ್ಬರು ಮಹಿಳಾ ಪೊಲೀಸರು ಬಂದು ನಿನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳುತ್ತಾರೆ. ನನ್ನ ವಿಷಯದಲ್ಲಿ ಕೋರ್ಟಿನಲ್ಲಿ ನೀನು ಹೇಳಿದ್ದನ್ನು ನಾನು ಎಂದೋ ಬಿಟ್ಟುಬಿಟ್ಟೆ. ಮಗಳ ವಿಷಯದಲ್ಲಿ ಹಾಗೆ ಹೇಳಬೇಡ. ಅಂಚೆಯನ್ನು ನಂಬುವಷ್ಟು ಹೊತ್ತಿಲ್ಲ. ಚಿಕ್ಕಮ್ಮ ಇಲ್ಲಿಗೇ ಬಂದಿದ್ದಾರೆ, ಇದನ್ನು ಅವರೇ ತರುತ್ತಾರೆ. ಓದಿದ ಕೂಡಲೇ ಅವರ ಜೊತೆ ಹೊರಟು ಬಾ, ಉಟ್ಟ ಬಟ್ಟೆಯಲ್ಲೇ ಬಾ. ಅವಳು ನನ್ನ ಮಂಚದ ಮೇಲೆ ಮಲಗಿದ್ದಾಳೆ. ಕೇಳಿಸುವ ಕಿವಿಯನ್ನು ಮೇಲೆ ಮಾಡಿಕೊಂಡೇ ಮಲಗುತ್ತಾಳೆ. ಅಮ್ಮ ಬಂದು ಬಾಗಿಲು ತಟ್ಟಿದರೆ ತನಗೆ ಗೊತ್ತಾಗಬೇಕಂತೆ.