ಬೀಗ ಜಡಿದ ವೈನ್

ಭಾವನವರಿಗೆ,

ಮಾವ ಅಣ್ಣತಮ್ಮಂದಿರಿಬ್ಬರಿಗೂ ಎಂದು ಬಿಟ್ಟುಹೋದ, ನೀವೊಬ್ಬರೇ ಬೀಗ ಜಡಿದಿಟ್ಟ ಬಿಳಿ ವೈನ್ ಕೆಟ್ಟುಹೋಗಿದೆ. ನಿನ್ನೆ ನಮ್ಮ ನೆಲಮಾಳಿಗೆಯ ಬೀಗ ಒಡೆಸಿ ನೋಡಿದೆ. ತೆರೆದ ಬಾಟಲಿಯೆಲ್ಲ ಹಳಸಿದ ಚಹಾದ ಬಣ್ಣ, ಕೊಳೆತ ಸೇಬಿನ ವಾಸನೆ. ಬಿರಡೆಯ ಸಂದಿಯಲ್ಲಿ ಗಾಳಿ ಹೊಕ್ಕು ಅಕಾಲದಲ್ಲೇ ಮುಪ್ಪು ಬಂದಿದೆಯಂತೆ.

ಹಾಸಿಗೆ ಹಿಡಿದಿದ್ದ ನಿಮ್ಮ ತಮ್ಮ ಒಂದೇ ಒಂದು ಲೋಟ ಕೇಳಿದ್ದರು. "ಇವನಿಗೇನು ಗೊತ್ತು ಅದರ ರುಚಿ? ಇನ್ನೂ ಹತ್ತು ವರ್ಷ ಇಟ್ರೆ ಬಂಗಾರ ಆಗುತ್ತೆ" ಎಂದಿರಿ. "ಹೋಗ್ಲಿ ಬಿಡೇ, ಅಣ್ಣನ ಜೀವ ಅದರಲ್ಲೇ ಇದೆ" ಎಂದು ಅವರು ನಕ್ಕರು. ಅದೇ ವಾರ ತೀರಿಕೊಂಡರು.

ಒಂದು ಬಾಟಲಿ ಬಚ್ಚಲಿಗೆ ಸುರಿದೆ. ನೆಲದ ಕೊಳೆಯೂ ಹೋಗಲಿಲ್ಲ. ಉಳಿದದ್ದನ್ನು ಭಾನುವಾರದೊಳಗೆ ಒಯ್ದು ನಿಮ್ಮ ರಸಿಕ ಗೆಳೆಯರಿಗೆ ಕೊಡಿ. ಬೆಲೆ ಹೇಳಿದರೆ ಸಾಕು, ಚಪ್ಪರಿಸುತ್ತಾರೆ. ಹೊರಲು ಆಳು ಕರೆತನ್ನಿ. ನಿಮ್ಮ ಸಾಮಾನು ಹೊರುತ್ತಿದ್ದವರು ಈಗಿಲ್ಲ.

ಇತಿ,
ನಿಮ್ಮ ತಮ್ಮನ ಹೆಂಡತಿ