ಕೂಪನ್ನಿಗೆ ತಕ್ಕ ಕಾರು

೬ ಜುಲೈ ೧೯೪೨, ಜಹೀರಾಬಾದ್

ಇವತ್ತೂ ನಾರಾಯಣಖೇಡದ ಬಸ್ ಬರಲಿಲ್ಲ. ಹೆರಿಗೆ ನರ್ಸ್ ಎಂದು ಅಷ್ಟು ದೂರದ ಹಳ್ಳಿಗಳನ್ನೆಲ್ಲ ನನಗೇ ಒಪ್ಪಿಸಿದ್ದಾರೆ, ಹೋಗಲು ಗಾಡಿ ಕೊಟ್ಟಿಲ್ಲ. ಹೋದ ವಾರ ಬಂಡಿಯಲ್ಲಿ ಮುಟ್ಟುವಷ್ಟರಲ್ಲಿ ಹೆರಿಗೆ ನೋವಿನಲ್ಲಿದ್ದ ಈಶಮ್ಮನ ಮೈ ತಣ್ಣಗಾಗಿತ್ತು. ಸ್ವಂತ ಕಾರು ಬೇಕೇ ಬೇಕು.

೯ ಜುಲೈ, ತಾಂಡೂರು

ನಾನು, ನಮ್ಮವರು ರೈಲಿನಲ್ಲಿ ಬಂದು ನೆಲಕ್ಕೆ ಹಾಸುವ ಫರ್ಶಿಕಲ್ಲಿನ ವ್ಯಾಪಾರಿಯ ಹಳೇ ಫೋರ್ಡ್ ನೋಡಿದೆವು. ಉದ್ದ ಸೀಟು, ಎತ್ತರದ ಗಾಲಿ. ನಮ್ಮವರು ಅದರ ಮೇಲೆ ಕೈಯಾಡಿಸುತ್ತಲೇ ಇದ್ದರು.

“ಇದನ್ನೇ ತಗೊಳ್ಳೋಣು. ಪೇಷಂಟಿನ್ನ ಮಲಗಿಸಿ ತರಬಹುದು.”

“ಎಣ್ಣಿ ಭಾಳ ಕುಡೀತದ್ರಿ. ಯುದ್ಧ ಮುಗಿಯೂ ತನಕ ಪೆಟ್ರೋಲ್ ಕೂಪನ್ ಹೆಚ್ಚಾಗಂಗಿಲ್ಲ. ಒಂದು ಸರ್ತಿ ನಾರಾಯಣಖೇಡಕ್ಕ ಹೋಗಿ ಬಂದ್ರ ಮುಂದಿನ ವಾರದ ತನಕ ಮನ್ಯಾಗೇ ಕೂಡಬೇಕು.”

ವಾಪಸು ಬರುವಾಗ ಇವರು ರೈಲಿನ ಕಿಟಕಿಗೆ ಮುಖ ಮಾಡಿಯೇ ಕೂತರು.

೧೪ ಜುಲೈ

ಸ್ಟೇಷನ್ ಮಾಸ್ತರರ ಬೇಬಿ ಆಸ್ಟಿನ್ ಕೊಂಡೆವು. ಹಟ ನನ್ನದು. ಆಟಿಕೆಯಂತಿದೆ. ಆದರೆ ಅಷ್ಟೇ ಪೆಟ್ರೋಲಿನಲ್ಲಿ ಎರಡು ಪಟ್ಟು ದೂರ. ನಡೆಸುವವರು ಇವರು. ಮುಖ ಗಂಟು.

೨ ಆಗಸ್ಟ್

ಈ ವಾರ ನಾರಾಯಣಖೇಡ ಎರಡು ಸಲ, ಮೊಗುಡಂಪಲ್ಲಿ ಒಂದು ಸಲ. ಎಲ್ಲ ಹೆರಿಗೆ ಸಲೀಸು. ಇವರು ತಾವಾಗಿಯೇ ಕಾರಿನ ಗಾಜು ಒರೆಸಿದರು...

೨೧ ಆಗಸ್ಟ್, ಬೀದರದ ದವಾಖಾನೆ, ಸಂಜೆ

ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ರಾಯಿಕೋಡಿನ ಕುರಿಗಾರ ಕಲ್ಯಾಣಪ್ಪನ ಹೆಂಡತಿ ಮಾಳಮ್ಮ. ಕೂಸು ಅಡ್ಡ, ಕೈ ಹೊರಗೆ ಬಂದಿತ್ತು. ನನ್ನಿಂದ ಆಗದು. ಆಪರೇಶನ್ನೇ ಆಗಬೇಕು. ಹಿಂದಿನ ಸೀಟಿನಲ್ಲಿ ಮಲಗಿಸಿದರೆ ಕಾಲು ಹೊರಗೆ! ಮುಂದೆ ಇವರ ಪಕ್ಕದ ಸೀಟು ಕಿತ್ತೆವು. ಬೋಲ್ಟು ತುಕ್ಕು ಹಿಡಿದಿತ್ತು, ಅದರಲ್ಲೇ ಎಷ್ಟು ಹೊತ್ತು ಹೋಯಿತೋ. ಕಂಬಳಿ ಹಾಸಿ ಮಲಗಿಸಿ, ನಾನು ಅವಳ ತಲೆಯ ಹತ್ತಿರ ಮುದುಡಿ ಕೂತೆ. ಕಲ್ಯಾಣಪ್ಪನಿಗೆ ಜಾಗವಿಲ್ಲ.

“ಆಕಿನ್ನ ಬಿಟ್ಟು ನಾ ಹ್ಯಾಂಗ ಇರ್ಲಿರಿ ಅಕ್ಕಾ?”

“ಹಿಂದ ನಡಕೊಂತ ಬಾರಪ್ಪಾ.”

ಊರಾಚೆಯ ಹಳ್ಳದಲ್ಲಿ ಗಾಲಿ ಹೂತಿತು. ಕರಿಮಣ್ಣು. ಇವರು ಸ್ಟಿಯರಿಂಗ್ ಗುದ್ದಿದರು. “ಫೋರ್ಡ್ ತಗೋ ಅಂದಿದ್ದೆ!” ಮಾಳಮ್ಮ ನನ್ನ ಮಣಿಕಟ್ಟು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಕಲ್ಯಾಣಪ್ಪ ಓಡಿ ಬಂದ, ಹಿಂದೆ ಕುರಿಹಟ್ಟಿಯ ಗಂಡಸರೆಲ್ಲ.

“ಸಣ್ಣದದ ಗಾಡಿ. ಹೆಗಲು ಕೊಡ್ರೋ!”

ಇವರೂ ಇಳಿದು ಕೈ ಹಚ್ಚಿದರು. ನಾವಿಬ್ಬರು ಒಳಗಿದ್ದಂತೆಯೇ ಕಾರನ್ನು ಎತ್ತಿ ಆಚೆ ದಡಕ್ಕೆ ಇಟ್ಟರು.

ಈಗ ಆಪರೇಶನ್ ಕೋಣೆಯ ಬಾಗಿಲು ಮುಚ್ಚಿದೆ.

೨೨ ಆಗಸ್ಟ್, ಬೆಳಿಗ್ಗೆ

ಮಾಳಮ್ಮ ಬದುಕಿದ್ದಾಳೆ. ಗಂಡು ಕೂಸು, ಉಸಿರಿರಲಿಲ್ಲ.

“ಇನ್ನೊಂಚೂರು ಮೊದಲು ತರಬೇಕಿತ್ತು,” ಎಂದರು ಡಾಕ್ಟರ್. ಸೀಟು ಕಿತ್ತ ಹೊತ್ತೋ, ಹಳ್ಳದ ಹೊತ್ತೋ... ಫೋರ್ಡ್ ಆಗಿದ್ದರೆ? ಇವರು ಆ ಮಾತೆತ್ತುತ್ತಾರೆಂದು ಕಾಯುತ್ತಿದ್ದೆ. ಪಕ್ಕದಲ್ಲಿ ಬಂದು ಕೂತರು.

“ಅದು ಇದ್ದಿದ್ರ ಈ ವಾರದ ಎಣ್ಣಿ ಸೋಮವಾರ ನಾರಾಯಣಖೇಡಕ್ಕ ಹೋದಾಗೇ ತೀರಿರ್ತಿತ್ತು, ಉಮಾ. ರಾಯಿಕೋಡಿಗೇ ಮುಟ್ಟತಿರಲಿಲ್ಲ.”

ನನ್ನನ್ನು ಸಮಾಧಾನ ಮಾಡಲು ಅಂದರೋ, ನಿಜವೋ. ಗೊತ್ತಿಲ್ಲ.

ಗೇಟಿನಲ್ಲಿ ಕಲ್ಯಾಣಪ್ಪ. ರಾತ್ರಿಯಿಡೀ ನಡೆದಿದ್ದಾನೆ. ಒಳಗೆ ಬರುತ್ತಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಾನೆ.

“ಅದಾಳೇನ್ರಿ ಅಕ್ಕಾ?”

ಅದಾಳ. ಅದನ್ನೇ ಮೊದಲು ಹೇಳುತ್ತೇನೆ. ಆಮೇಲೆ ಕೂಸಿನದು—