ಎಲೆಕೋಸಿನ ದೋಣಿ

ವೆನಿಸ್
ಶುಕ್ರವಾರ, ೨೦ ಡಿಸೆಂಬರ್ ೧೯೫೭

ಪ್ರೀತಿಯ ಬೋರ್ತೊಲೊ,

ಇವತ್ತು ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ಶುಕ್ರವಾರ. ಬೆಳಿಗ್ಗೆ ಒಂದು ಚೂರು ರೊಟ್ಟಿ, ಕರಿ ಕಾಫಿ, ಅಷ್ಟೇ. ಎದ್ದವಳೇ ಜಪಮಾಲೆ ಮುಗಿಸಿ, ಹಾಸಿಗೆ ಸರಿಮಾಡಿ, ನೆಲ ಒರೆಸಿ, ಮುಖ ತೊಳೆದ ನೀರನ್ನು ಕಿಟಕಿಯ ಗಿಡಕ್ಕೆ ಹಾಕಿದೆ. ಇದು ಮನೆಯಲ್ಲ, ಹೋಟೆಲು ಎಂದು ನೆನಪಾಗಿದ್ದು ಕೆಲಸದ ಹುಡುಗಿ ಅಸುಂತಾ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಾಗಲೇ. “ಅಯ್ಯೋ ಅಮ್ಮಾ, ಎಲ್ಲಾ ನೀವೇ ಮಾಡ್ಬಿಟ್ರೆ ಯಜಮಾನಿ ನನ್ನ ಯಾಕೆ ಇಟ್ಕೋತಾಳೆ?” ಅಂದಳು. ಅವಳೂ ಬೆಟ್ಟದವಳೇ, ನಮ್ಮ ಆಚೆ ಕಣಿವೆಯವಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ನಿಮ್ಮ ಕೆಮ್ಮು ಹೇಗಿದೆ? ಗಣಿಯಿಂದ ಮೇಲೆ ಬಂದ ತಕ್ಷಣ ಎದೆಗೆ ಆ ಉಣ್ಣೆಯ ಬಟ್ಟೆ ಸುತ್ತಿಕೊಳ್ಳಿ. ಮಡಿಸಿ ಇಡಲಿ ಅಂತ ನಾನು ಹೆಣೆದು ಬೆಲ್ಜಿಯಂಗೆ ಕಳಿಸಿದ್ದಲ್ಲ. ಊರಲ್ಲಿ ಹಸು ಚೆನ್ನಾಗಿದೆ, ನಿಮ್ಮ ತಮ್ಮ ವೀತೊ ನೋಡಿಕೊಳ್ಳುತ್ತಿದ್ದಾನೆ. ಅವನು ಕರೆದರೆ ಹಾಲು ಸರಿಯಾಗಿ ಇಳಿಸುವುದಿಲ್ಲ, ನನ್ನನ್ನೇ ಹುಡುಕುತ್ತದೆ.

ನಾನು ಇಲ್ಲಿಗೆ ಯಾಕೆ ಬರುತ್ತೇನೆ ಎಂದು ಊರಿಂದ ಹಾಕಿದ ಹಿಂದಿನ ಪತ್ರದಲ್ಲೇ ಬರೆದಿದ್ದೆ. ನೀವು ಉತ್ತರದಲ್ಲಿ ಚಳಿಯ ವಿಷಯ ಮಾತ್ರ ಬರೆದಿರಿ. ಮತ್ತೊಮ್ಮೆ ಬರೆಯುತ್ತೇನೆ. ಇಲ್ಲಿ ಸತ್ತವರ ದ್ವೀಪದಲ್ಲಿ ಜಾಗ ಸಾಲದು. ಹತ್ತು ಹನ್ನೆರಡು ವರ್ಷ ಮಣ್ಣಲ್ಲಿಟ್ಟು, ಆಮೇಲೆ ಅಗೆದು, ಮೂಳೆಗಳನ್ನು ಮನೆಯವರ ಕೈಗೆ ಕೊಡುತ್ತಾರೆ. ಯಾರೂ ಬರದವರೆಲ್ಲ ಒಂದೇ ಗುಂಡಿಗೆ. ಈ ಚಳಿಗಾಲ ನಮ್ಮ ನಿವೆಸಳ ಸಾಲು ಬಂತು.

ಬೆಳಿಗ್ಗೆ ಹೋಗುವಾಗ ದಾರಿ ತಪ್ಪದಿರಲೆಂದು ಗುರುತು ಇಟ್ಟುಕೊಂಡೇ ಹೋಗಿದ್ದೆ. ಹೋಟೆಲಿನ ಓಣಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಬಿಳಿ ದುಪ್ಪಟಿಗಳು, ತಿರುವಿನ ಸೇತುವೆಯ ಕೆಳಗೆ ಎಲೆಕೋಸು ತುಂಬಿದ ಹಸಿರು ದೋಣಿ. ನಮ್ಮೂರಲ್ಲಿ ಬಂಡೆ, ಮರ, ಶಿಲುಬೆಯ ಕಂಬ ಗುರುತಿಟ್ಟುಕೊಂಡು ಹೋಗುವ ಹಾಗೆ.

ದ್ವೀಪದಲ್ಲಿ ಅಗೆಯುವ ಮುದುಕ, “ತಾಯಿ ಅಲ್ವಾ ನೀವು? ಆ ಕಡೆ ತಿರುಗಿ ನಿಂತ್ಕೊಳ್ಳಮ್ಮ, ಆದ್ಮೇಲೆ ಕರೀತೀನಿ” ಅಂದ. ನಾನು ತಿರುಗಲಿಲ್ಲ. ಬೋರ್ತೊಲೊ, ಅವಳ ಜಡೆ ಹಾಗೇ ಇತ್ತು. ಭಾನುವಾರ ನಾನು ಹಾಲು ಕರೆಯುವಷ್ಟರಲ್ಲಿ ನೀವು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೆಣೆಯುತ್ತಿದ್ದಿರಲ್ಲ, ಅದೇ ಜಡೆ. ಮದುವೆಗೆಂದು ನಾನು ನೇಯ್ದಿಟ್ಟ ದುಪ್ಪಟಿಯಲ್ಲಿ ಸುತ್ತಿ, ವೀತೊ ಮಾಡಿಕೊಟ್ಟ ಮರದ ಪೆಟ್ಟಿಗೆಯಲ್ಲಿ ಮಲಗಿಸಿದೆ. ಅಷ್ಟು ಎತ್ತರದ ಹುಡುಗಿ. ಆ ಪೆಟ್ಟಿಗೆಯಲ್ಲಿ ಇನ್ನೂ ಜಾಗ ಉಳಿದಿತ್ತು.

ದೋಣಿಯಿಂದ ಇಳಿದಾಗ ಮಂಜು ಕವಿದಿತ್ತು. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ನಡೆದೆ, ನಡೆದೆ. ದುಪ್ಪಟಿಗಳನ್ನು ಯಾರೋ ಒಳಗೆ ತೆಗೆದುಕೊಂಡಿದ್ದರು. ಎಲೆಕೋಸಿನ ದೋಣಿ ಮಾರಾಟ ಮುಗಿಸಿ ಹೋಗಿಬಿಟ್ಟಿತ್ತು. ನೀರಿನ ಮೇಲೆ ನಿಂತದ್ದನ್ನು ಗುರುತಿಟ್ಟುಕೊಂಡ ಬೆಟ್ಟದ ದಡ್ಡಿ ನಾನು. ಯಾರನ್ನು ಕೇಳಿದರೂ “ಸೀದಾ ಹೋಗಮ್ಮ, ಸೀದಾ!” ಅನ್ನುತ್ತಾರೆ. ಸೀದಾ ಹೋದರೆ ನೀರು. ಹಿಂದಿರುಗಿದರೆ ಆಗಲೇ ದಾಟಿದ ಸೇತುವೆ. ಎಷ್ಟೋ ಇಗರ್ಜಿಗಳ ಗಂಟೆಗಳು ಒಟ್ಟಿಗೇ ಬಾರಿಸಿದವು, ಒಂದೂ ನಮ್ಮದಲ್ಲ. ಒಂದು ಸೇತುವೆಯ ಮೆಟ್ಟಿಲ ಮೇಲೆ ಕೂತೆ. ಅಲ್ಲಿ ನಿವೆಸಳ ಮಾತು ನೆನಪಾಯಿತು. ಇಲ್ಲಿ ಮನೆಗೆಲಸಕ್ಕೆ ಸೇರಿದ ವರ್ಷ ನಮ್ಮ ಬೆಟ್ಟದ ಕೆಳಗಿನ ಸ್ಟೇಷನ್ನಿನಲ್ಲಿ ಸಿಕ್ಕಾಗ, “ಮೊದಲನೇ ದಿನ ಹಾಲು ತರೋಕೆ ಹೋಗಿ ಮನೆ ಸಿಗ್ದೆ ಸೇತುವೆ ಮೇಲೆ ಕೂತು ಅತ್ಬಿಟ್ಟೆ ಅಮ್ಮಾ. ಅಪ್ಪಂಗೆ ಹೇಳ್ಬೇಡ, ನಗ್ತಾನೆ” ಅಂದಿದ್ದಳು. ನಾನು ಬಂದು ನಿಮಗೆ ಹೇಳಿದೆ. ನೀವು ನಗಲಿಲ್ಲ, ತಟ್ಟೆ ಬಿಟ್ಟು ಎದ್ದು ಹೋದಿರಿ.

ಆಗ ಒಬ್ಬ ಕೂಲಿಯವನು ಖಾಲಿ ಗಾಡಿಯನ್ನು ಮೆಟ್ಟಿಲಿಳಿಸುತ್ತ, “ಏನಮ್ಮಾ, ಬೆಟ್ಟದ ಚೀಸಾ? ಬಿಡದೆ ತಬ್ಕೊಂಡಿದೀಯಲ್ಲ, ನಮಗೂ ಒಂದು ಚೂರು ಕೊಡು!” ಅಂದ. “ನನ್ನ ಮಗಳಪ್ಪಾ” ಅಂದೆ. ಅವನ ಟೋಪಿ ಕೈಗೆ ಬಂತು. ಗಾಡಿಯನ್ನು ಅಲ್ಲೇ ಗೋಡೆಗೆ ಒರಗಿಸಿ, “ಕೊಡಿ ತಾಯಿ, ಭಾರ ಹೊರೋದೇ ನನ್ನ ಕಸುಬು” ಅಂದ. ಬೇಡ, ಇವಳನ್ನು ಹೊತ್ತು ನನಗೆ ಅಭ್ಯಾಸ ಇದೆ ಅಂದೆ. ಹೋಟೆಲಿನ ಹೆಸರು ಕೇಳಿಕೊಂಡು, ಟೋಪಿ ಹಾಕಿಕೊಳ್ಳದೆ ಅದರ ಬಾಗಿಲ ತನಕ ನನ್ನ ಮುಂದೆ ನಡೆದ.

ಯಜಮಾನಿ ವಿಧವೆ, ಮಾತು ಸ್ವಲ್ಪ ಒರಟು. ಬೈಯುತ್ತಾಳೆ ಅಂದುಕೊಂಡೆ. ಪೆಟ್ಟಿಗೆ ನೋಡಿ, “ನೆಲದ ಮೇಲೆ ಇಡಬೇಡಿ, ಥಂಡಿ” ಎಂದು ಕುರ್ಚಿ ಎಳೆದು ಕೊಟ್ಟಳು. ಅಸುಂತಾ ಮೇಣದಬತ್ತಿ ಹಚ್ಚಿದಳು. ಈಗ ಆ ಬೆಳಕಿನಲ್ಲೇ ಬರೆಯುತ್ತಿದ್ದೇನೆ, ನಮ್ಮ ನಿವೆಸ ಪಕ್ಕದ ಕುರ್ಚಿಯಲ್ಲೇ ಇದ್ದಾಳೆ.

ಸಂತ ಬಾರ್ಬರಾ ನಿಮ್ಮನ್ನು ಗಣಿಯೊಳಗೆ ಕಾಯಲಿ. ಹಬ್ಬದ ರಾತ್ರಿಯ ಪೂಜೆ ತಪ್ಪಿಸಬೇಡಿ.

ನಿಮ್ಮ
ಮೆನೆಗಾ

ತಾ.ಕ.: ಅಂಚೆಗೆ ಹೊತ್ತಾಯಿತು, ಅಸುಂತಾ ಕೊಡೆ ಹಿಡಿದು ನಿಂತಿದ್ದಾಳೆ. ಊರಲ್ಲಿ ನಿಮ್ಮ ಅಮ್ಮನ ಸಮಾಧಿಯಲ್ಲಿ ನಿವೆಸಳಿಗೆ ಜಾಗವಿದೆ, ಪಾದ್ರಿಗಳು ಒಪ್ಪಿದ್ದಾರೆ. ಆದರೆ ಅದು ನಿಮ್ಮ ಮನೆತನದ ಸಮಾಧಿ, ನೀವು ಹೇಳದೆ ತೆರೆಯುವ ಹಾಗಿಲ್ಲ. ಹೊರಟ ದಿನ ನೀವು ಅವಳಿಗೆ ಅಂದದ್ದು “ಹೋದ್ರೆ ತಿರುಗಿ ಬರಬೇಡ” ಅಂತ. ಅವಳು ಮಾತು ಮೀರಲಿಲ್ಲ, ಹೊಸಿಲ ತನಕವೂ ಬರಲಿಲ್ಲ. ಅದಕ್ಕೇ ನಾನಾಗಿ ಕರೆದುಕೊಂಡು ಹೋಗುವುದಿಲ್ಲ, ಕರೆಯಬೇಕಾದವರು ನೀವು. “ಬಾ” ಅಂತ ಒಂದೇ ಒಂದು ಮಾತು ಬರೆಯಿರಿ, ಅವಳ ಹೆಸರಿಗೇ ಬರೆಯಿರಿ. ಅಲ್ಲಿಯ ತನಕ ಇಲ್ಲೇ ಬಟ್ಟೆ ಒಗೆದುಕೊಂಡು ಇರುತ್ತೇನೆ, ಯಜಮಾನಿ ಸರಿ ಅಂದಿದ್ದಾಳೆ. ಉತ್ತರವನ್ನು ದೊಡ್ಡ ಅಂಚೆ ಕಚೇರಿಗೆ ಹಾಕಿ. ನನಗೆ ದಾರಿ ಸಿಗುವುದಿಲ್ಲ. ದಿನಾ ಹೋಗಿ ನೋಡಿಕೊಂಡು ಬಾರಮ್ಮ ಎಂದು ಅಸುಂತಾಳನ್ನೇ ಕೇಳಿಕೊಂಡಿದ್ದೇನೆ.